ಕವಾಟ ಬದಲಾಯಿತು, ಲಯ ಯಾಕೆ ತಪ್ಪಿತು?

ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಕವಾಟ ಬದಲಿಸಿಕೊಂಡವರಿಗೆ ಎರಡನೆಯ ಮತ್ತು ಮೂರನೆಯ ದಿನ ತುಸು ಎಚ್ಚರದ ದಿನಗಳು. ಅಷ್ಟು ಹೊತ್ತಿಗೆ ಉಸಿರಾಟದ ನಳಿಕೆ ತೆಗೆದಾಗಿರುತ್ತದೆ. ರೋಗಿ ಕುರ್ಚಿಯಲ್ಲಿ ಕೂತು ನಾಲ್ಕು ಚಮಚ ಗಂಜಿ ಕುಡಿದಿರುತ್ತಾರೆ. ಹೊರಗೆ ಬೆಂಚಿನ ಮೇಲೆ ರಾತ್ರಿ ಕಳೆದ ಮನೆಯವರು ಊರಿಗೆ ಫೋನ್ ಮಾಡಿ ‘ಗಂಡಾಂತರ ಕಳೆಯಿತು’ ಎಂದಿರುತ್ತಾರೆ. ಆಗಲೇ ಮಾನಿಟರ್ ಕೂಗಲು ಶುರುವಾಗುತ್ತದೆ. ಬೆಳಗ್ಗೆ ನಿಮಿಷಕ್ಕೆ 80 ಇದ್ದ ಬಡಿತ ಈಗ 140. ಬರೀ ವೇಗವಲ್ಲ, ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರಕ್ಕೆ ಲೆಕ್ಕವೇ ಸಿಗುವುದಿಲ್ಲ. ಎದೆಯೊಳಗೆ ಏನೋ ಪಟಪಟ ಅನ್ನುತ್ತಿದೆ ಎನ್ನುತ್ತಾರೆ ಕೆಲವರು. ಇನ್ನು ಕೆಲವರಿಗೆ ಏನೂ ಗೊತ್ತೇ ಆಗುವುದಿಲ್ಲ.

ಮನೆಯವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಎಲ್ಲ ಆಸ್ಪತ್ರೆಗಳಲ್ಲೂ ಒಂದೇ: ‘ವಾಲ್ವ್ ಸರಿಯಾಗಿ ಕೂತಿಲ್ಲವಾ ಡಾಕ್ಟ್ರೇ?’

ಸಾಮಾನ್ಯವಾಗಿ ವಾಲ್ವ್ ಚೆನ್ನಾಗಿಯೇ ಕೂತಿರುತ್ತದೆ. ಲಯ ತಪ್ಪಿರುವುದು ಹೃದಯದ ಮೇಲಿನ ಕೋಣೆಗಳಲ್ಲಿ, ಅಂದರೆ ಹೃತ್ಕರ್ಣಗಳಲ್ಲಿ. ಅವು ಕ್ರಮವಾಗಿ ಸಂಕುಚಿಸುವುದನ್ನು ಬಿಟ್ಟು ಸುಮ್ಮನೆ ಅದುರತೊಡಗಿವೆ. ಇದಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಎಂದು ಹೆಸರು. ಕವಾಟದ ಶಸ್ತ್ರಚಿಕಿತ್ಸೆ ಆದ 10 ಜನರಲ್ಲಿ ಮೂರರಿಂದ ಐದು ಮಂದಿಗೆ ಇದು ಬರುತ್ತದೆ. ಕವಾಟದ ಜೊತೆಗೆ ಬೈಪಾಸ್ ಕೂಡ ಮಾಡಿದ್ದರೆ ಪ್ರಮಾಣ ಇನ್ನೂ ಹೆಚ್ಚು. ಇಷ್ಟು ಜನರಿಗೆ ಬರುವ ತೊಂದರೆಯ ವಿಷಯವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗಲೇ, ಮನೆಯವರನ್ನು ಕೂರಿಸಿಕೊಂಡು ಬಿಡಿಸಿ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾವ ಕವಾಟ, ಎಷ್ಟು ಖರ್ಚು, ಎಷ್ಟು ದಿನ ಎಂಬ ಮಾತುಗಳಲ್ಲಿ ಲಯದ ಮಾತು ಕಳೆದುಹೋಗುತ್ತದೆ. ಆಮೇಲೆ ಮಾನಿಟರ್ ಕೂಗಿದಾಗ ಇಡೀ ಕುಟುಂಬ ನಡುಗುತ್ತದೆ.

ಲಯ ಯಾಕೆ ತಪ್ಪುತ್ತದೆ ಎಂದು ತಿಳಿಯಲು ಕವಾಟಗಳು ಎಲ್ಲಿವೆ, ಹೃದಯದ ವಿದ್ಯುತ್ತು ಯಾವ ದಾರಿ ಹಿಡಿದು ಹೋಗುತ್ತದೆ ಎಂಬುದನ್ನು ಒಟ್ಟಿಗೆ ನೋಡಬೇಕು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಗಂಟು ಇದೆ. ಪ್ರತಿ ಬಡಿತವೂ ಅಲ್ಲಿ ಹುಟ್ಟುತ್ತದೆ. ಅಲ್ಲಿಂದ ಹೊರಟ ವಿದ್ಯುತ್ ಅಲೆ ಎರಡೂ ಹೃತ್ಕರ್ಣಗಳಲ್ಲಿ ಹರಡಿ, ಅವುಗಳ ತಳದಲ್ಲಿರುವ ಎ.ವಿ. ನೋಡ್ ಎಂಬ ಇನ್ನೊಂದು ಗಂಟಿಗೆ ಬಂದು ಸೇರುತ್ತದೆ. ಅಲ್ಲಿ ಕ್ಷಣಕಾಲ ತಡೆದು, ಹಿಸ್ ಕಟ್ಟು ಎಂಬ ತೆಳುವಾದ ಎಳೆಯ ಮೂಲಕ ಕೆಳಗಿನ ದೊಡ್ಡ ಕೋಣೆಗಳಾದ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ.

ಈ ದಾರಿಯನ್ನು ಮೊದಲು ಪೂರ್ತಿಯಾಗಿ ಬಿಡಿಸಿ ತೋರಿಸಿದವನು ಸುನಾವೊ ತವಾರಾ ಎಂಬ ಜಪಾನಿನ ಯುವಕ. ಜರ್ಮನಿಯ ಮಾರ್ಬುರ್ಗ್ ನಗರದಲ್ಲಿ ಲುಡ್ವಿಗ್ ಆಶಾಫ್ ಎಂಬ ರೋಗಶಾಸ್ತ್ರಜ್ಞರ ಪ್ರಯೋಗಾಲಯಕ್ಕೆ ಕಲಿಯಲು ಹೋದವನು ಅವನು. ಅದೇ ಪ್ರಯೋಗಾಲಯದಲ್ಲಿ ಆಶಾಫ್ 1904ರಲ್ಲಿ ರುಮ್ಯಾಟಿಕ್ ಜ್ವರ ಹೃದಯದ ಸ್ನಾಯುವಿನಲ್ಲಿ ಬಿಟ್ಟುಹೋಗುವ ಸೂಕ್ಷ್ಮ ಗಂಟುಗಳನ್ನು ಗುರುತಿಸಿದ್ದರು. ಹೃದಯದ ಉರಿಯೂತ ಹುಡುಕುತ್ತ ಸಾಲುಸಾಲು ಹೃದಯಗಳನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಿದ್ದ ತವಾರಾನಿಗೆ ಎ.ವಿ. ನೋಡ್ ಸಿಕ್ಕಿತು. 1906ರಲ್ಲಿ ಅವನ ಪುಸ್ತಕ ಬಂತು. ವಿಲ್ಹೆಲ್ಮ್ ಹಿಸ್ 1893ರಲ್ಲೇ ಕಂಡಿದ್ದ ಎಳೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದು ಆಗ ಅರ್ಥವಾಯಿತು. ಮಾರನೆಯ ವರ್ಷ ಇಂಗ್ಲೆಂಡಿನಲ್ಲಿ ಆರ್ಥರ್ ಕೀತ್ ಮತ್ತು ಆಗಿನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದ ಮಾರ್ಟಿನ್ ಫ್ಲ್ಯಾಕ್ ಸೈನಸ್ ನೋಡ್ ಬಗ್ಗೆ ಬರೆದರು. ಕವಾಟ ಕೆಡಿಸುವ ಕಾಯಿಲೆಯ ಗುರುತೂ ಲಯ ಸಾಗಿಸುವ ಗಂಟೂ ಎರಡು ವರ್ಷಗಳ ಅಂತರದಲ್ಲಿ ಒಂದೇ ಪ್ರಯೋಗಾಲಯದಲ್ಲಿ ಬೆಳಕಿಗೆ ಬಂದದ್ದು ನನಗೆ ಇವತ್ತಿಗೂ ಬೆರಗಿನ ಸಂಗತಿ.

ಹೃತ್ಕರ್ಣಗಳಿಗೂ ಹೃತ್ಕುಕ್ಷಿಗಳಿಗೂ ನಡುವೆ ಗಟ್ಟಿ ನಾರಿನ ಉಂಗುರಗಳ ಒಂದು ಚೌಕಟ್ಟು ಇದೆ. ನಾಲ್ಕು ಕವಾಟಗಳಿಗೂ ಅದೇ ಆಧಾರ. ಈ ನಾರು ವಿದ್ಯುತ್ತನ್ನು ದಾಟಲು ಬಿಡುವುದಿಲ್ಲ. ದಾಟಲು ಇರುವುದು ಒಂದೇ ಒಂದು ಕಿಂಡಿ, ಅದರ ಮೂಲಕ ಹಿಸ್ ಕಟ್ಟು ಹಾದುಹೋಗುತ್ತದೆ. ಆ ಕಿಂಡಿ ಇರುವುದು ಮಹಾಪಧಮನಿಯ ಕವಾಟದ ಎರಡು ದಳಗಳು ಸೇರುವ ಮೂಲೆಗೆ ಕೆಲವೇ ಮಿಲಿಮೀಟರು ಕೆಳಗೆ. ಬಲಗಡೆಯ ಟ್ರೈಕಸ್ಪಿಡ್ ಕವಾಟದ ಒಂದು ದಳ ಎ.ವಿ. ನೋಡ್‌ಗೆ ಒರಗಿಕೊಂಡೇ ಇದೆ. ಎಡಗಡೆಯ ಮೈಟ್ರಲ್ ಕವಾಟದ ಒಂದು ಮೂಲೆಯೂ ಅದರಿಂದ ದೂರವಿಲ್ಲ. ಹಳೇ ಮನೆಯಲ್ಲಿ ಬಾಗಿಲಿನ ದಾರಂದ ಕಿತ್ತು ಹೊಸದು ಕೂರಿಸುವ ಬಡಗಿಗೆ ಪಕ್ಕದ ಗೋಡೆಯೊಳಗೆ ಹುದುಗಿರುವ ವೈರು ಕಣ್ಣಿಗೆ ಕಾಣುವುದಿಲ್ಲ. ಅದು ಅಲ್ಲಿದೆ ಎಂಬ ತಿಳಿವಳಿಕೆಯಿಂದಲೇ ಮೊಳೆ ಹೊಡೆಯಬೇಕು. ಹೃದಯದ ಶಸ್ತ್ರಚಿಕಿತ್ಸಕರ ಸ್ಥಿತಿಯೂ ಅದೇ. ಹಿಸ್ ಕಟ್ಟು ಬರಿಗಣ್ಣಿಗೆ ಕಾಣದು. ಸುಣ್ಣಗಟ್ಟಿದ ಹಳೇ ದಳಗಳನ್ನು ಕತ್ತರಿಸಿ, ಉಂಗುರಕ್ಕೆ ಅಂಟಿದ ಸುಣ್ಣವನ್ನು ಕೆರೆದು, ಸುತ್ತ ಹತ್ತಾರು ಹೊಲಿಗೆ ಹಾಕಿ ಹೊಸ ಕವಾಟ ಕೂರಿಸುವಾಗ ಆ ಎಳೆಗೆ ಪೆಟ್ಟಾಗಬಹುದು. ಹೊಲಿಗೆ ಅದನ್ನು ಬಿಗಿಯಬಹುದು. ಹೆಚ್ಚಾಗಿ ಆಗುವುದೆಂದರೆ ಸುತ್ತಲಿನ ಭಾಗ ಊದಿಕೊಂಡು ಅದರ ಮೇಲೆ ಒತ್ತಡ ಬೀಳುವುದು.

ಆಗ ಮೇಲಿನ ಸಂದೇಶ ಕೆಳಗೆ ಇಳಿಯದೆ ಬಡಿತ ನಿಮಿಷಕ್ಕೆ 40, 30 ಎಂದು ಕುಸಿಯುತ್ತದೆ. ಇದು ಹಾರ್ಟ್ ಬ್ಲಾಕ್. ನಮ್ಮಲ್ಲಿ ಬ್ಲಾಕ್ ಎಂದರೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದೆ ಎಂದೇ ಎಲ್ಲರೂ ತಿಳಿಯುವುದರಿಂದ ಸ್ಪಷ್ಟವಾಗಿ ಹೇಳಬೇಕು: ಇಲ್ಲಿ ಕಟ್ಟಿಕೊಂಡಿರುವುದು ರಕ್ತವಲ್ಲ, ವಿದ್ಯುತ್ತು. ಸ್ಟೆಂಟಿಗೂ ಇದಕ್ಕೂ ಸಂಬಂಧವಿಲ್ಲ.

ಈ ಬ್ಲಾಕ್ ಇಡೀ ಹೃದಯ ಶಸ್ತ್ರಚಿಕಿತ್ಸೆಯನ್ನೇ ಒಂದು ಕಾಲದಲ್ಲಿ ಕಂಗೆಡಿಸಿತ್ತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ವಾಲ್ಟನ್ ಲಿಲ್ಲೆಹೈ ಎಂಬ ಶಸ್ತ್ರಚಿಕಿತ್ಸಕರು 1950ರ ದಶಕದಲ್ಲಿ ಮಕ್ಕಳ ಹೃದಯದ ತೂತು ಮುಚ್ಚುತ್ತಿದ್ದರು. ತೂತು ಮುಚ್ಚುವ ಹೊಲಿಗೆ ಹಿಸ್ ಕಟ್ಟಿನ ಪಕ್ಕದಲ್ಲೇ ಬೀಳುತ್ತಿತ್ತು. ತೂತು ಮುಚ್ಚಿಯೂ ಬಡಿತ ನಿಧಾನವಾಗಿ ಮಕ್ಕಳು ಸಾಯುತ್ತಿದ್ದರು. ಬೋಸ್ಟನ್ನಿನ ಪಾಲ್ ಝೋಲ್ 1952ರಲ್ಲಿ ಎದೆಯ ಚರ್ಮದ ಮೇಲಿನಿಂದ ವಿದ್ಯುತ್ ಕೊಡುವ ಉಪಾಯ ಕಂಡುಹಿಡಿದಿದ್ದರು. ಅದಕ್ಕೆ ಬೇಕಾದ ಬಿರುಸಿನ ವಿದ್ಯುತ್ತು ಎಳೆಯ ಮಕ್ಕಳಿಗೆ ಸಹಿಸಲಾಗದ ನೋವು ಕೊಡುತ್ತಿತ್ತು. 1957ರ ಜನವರಿಯಲ್ಲಿ ಲಿಲ್ಲೆಹೈ ತಂಡ ತೆಳುವಾದ ತಂತಿಯೊಂದನ್ನು ನೇರವಾಗಿ ಹೃದಯದ ಸ್ನಾಯುವಿಗೇ ಹೊಲಿದು ಹೊರಗೆ ತಂದಿತು. ಈಗ ತುಸುವೇ ವಿದ್ಯುತ್ತು ಸಾಕಾಯಿತು. ಆದರೆ ಯಂತ್ರ ಗೋಡೆಯ ಪ್ಲಗ್ಗಿಗೆ ಕಟ್ಟಿಬಿದ್ದಿತ್ತು. ಅದೇ ವರ್ಷ ಅಕ್ಟೋಬರ್ 31ರಂದು ಆ ವಿಶ್ವವಿದ್ಯಾಲಯವಿದ್ದ ನಗರದಲ್ಲಿ ಕರೆಂಟ್ ಹೋಯಿತು. ಲಿಲ್ಲೆಹೈ ಆಸ್ಪತ್ರೆಯ ಉಪಕರಣ ರಿಪೇರಿ ಮಾಡುತ್ತಿದ್ದ ಅರ್ಲ್ ಬ್ಯಾಕನ್ ಎಂಬ ಎಂಜಿನಿಯರನ್ನು ಕರೆದು, ಬ್ಯಾಟರಿಯಲ್ಲಿ ನಡೆಯುವಂಥದ್ದು ಆಗುತ್ತದೆಯೇ ಎಂದು ಕೇಳಿದರು. ಬ್ಯಾಕನ್ ಒಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಸಂಗೀತದ ಮೆಟ್ರೊನೋಮ್‌ಗಾಗಿ ಬಂದಿದ್ದ ಟ್ರಾನ್ಸಿಸ್ಟರ್ ಸರ್ಕ್ಯೂಟ್ ನೋಡಿದ್ದು ನೆನಪಿಸಿಕೊಂಡು, ನಾಲ್ಕು ವಾರದಲ್ಲಿ ಅಂಗೈಯಗಲದ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟರು. ನಾಯಿಯ ಮೇಲೆ ಪರೀಕ್ಷಿಸಲೆಂದು ಕೊಟ್ಟು ಹೋದವರು ಮಾರನೆಯ ದಿನ ಬಂದು ನೋಡಿದರೆ ಅದು ಆಗಲೇ ಒಂದು ಮಗುವಿಗೆ ಜೋಡಣೆಯಾಗಿತ್ತು.

ಇಂದಿಗೂ ಕವಾಟದ ಶಸ್ತ್ರಚಿಕಿತ್ಸೆ ಮುಗಿಸುವ ಮೊದಲು ಹೃದಯದ ಮೇಲ್ಮೈಗೆ ಸಣ್ಣ ತಂತಿಗಳನ್ನು ತಾಗಿಸಿ, ಎದೆಮೂಳೆಯ ಕೆಳಗೆ ಚರ್ಮದಿಂದ ಹೊರಗೆ ತಂದು ಇಡುತ್ತಾರೆ. ರೋಗಿಯ ಹೊಟ್ಟೆಯ ಮೇಲೆ ಅಂಟಿಸಿರುವ ಆ ಬಣ್ಣದ ತಂತಿಗಳನ್ನು ಮನೆಯವರು ನೋಡಿರುತ್ತಾರೆ. ಬಡಿತ ಕುಸಿದರೆ ಅವನ್ನು ಹೊರಗಿನ ಪೆಟ್ಟಿಗೆಗೆ ಜೋಡಿಸಿದರೆ ಸಾಕು. ಊತ ಇಳಿದಂತೆ ಬಹಳ ಜನರಲ್ಲಿ ಹಿಸ್ ಕಟ್ಟು ಮತ್ತೆ ಕೆಲಸ ಶುರುಮಾಡುತ್ತದೆ, ಮನೆಗೆ ಹೋಗುವ ಮೊದಲು ತಂತಿಗಳನ್ನು ಮೆಲ್ಲನೆ ಎಳೆದು ತೆಗೆಯುತ್ತಾರೆ. ಐದರಿಂದ ಏಳು ದಿನ ಕಾದರೂ ದಾರಿ ತೆರೆಯದಿದ್ದರೆ ಶಾಶ್ವತ ಪೇಸ್‌ಮೇಕರ್ ಬೇಕಾಗುತ್ತದೆ. ಮಹಾಪಧಮನಿಯ ಕವಾಟ ಬದಲಿಸಿಕೊಂಡ 100 ಜನರಲ್ಲಿ ಸುಮಾರು ಮೂರರಿಂದ ಏಳು ಜನರಿಗೆ ಹೀಗಾಗುತ್ತದೆ. ಟ್ರೈಕಸ್ಪಿಡ್ ಕವಾಟ ಬದಲಿಸಿದರೆ, ಅಥವಾ ಒಂದೇ ಸಲ ಎರಡು ಮೂರು ಕವಾಟಕ್ಕೆ ಕೈಹಾಕಿದರೆ ಇನ್ನೂ ಹೆಚ್ಚು.

ಪೇಸ್‌ಮೇಕರ್ ಅಂದ ಕೂಡಲೇ ಬದುಕು ಮುಗಿಯಿತು ಎಂದು ಕೂರುವವರಿಗೆ ಒಂದು ಮಾತು ಹೇಳಬೇಕು. ಸ್ವೀಡನ್ನಿನಲ್ಲಿ 1958ರ ಅಕ್ಟೋಬರ್‌ನಲ್ಲಿ ಜಗತ್ತಿನ ಮೊದಲ ಒಳಕೂರಿಸುವ ಪೇಸ್‌ಮೇಕರ್ ಪಡೆದ ಆರ್ನೆ ಲಾರ್ಸನ್‌ಗೆ ಆಗ 43 ವರ್ಷ. ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಒಂದಾದ ಮೇಲೊಂದು 20ಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸುತ್ತ ಅವರು 86 ವರ್ಷ ಬದುಕಿದರು. ಈಗಿನ ಯಂತ್ರಗಳ ಬ್ಯಾಟರಿ ಹತ್ತು ವರ್ಷದ ಆಸುಪಾಸು ಬಾಳುತ್ತದೆ.

ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸುವ ಟಾವಿ ವಿಧಾನದಲ್ಲಿ ಈ ಕಷ್ಟ ತಪ್ಪಿತೆಂದು ಹಲವರು ಭಾವಿಸುತ್ತಾರೆ. ಫ್ರಾನ್ಸಿನ ರೂಆಂ ನಗರದಲ್ಲಿ ಅಲೇನ್ ಕ್ರಿಬಿಯೇ 2002ರ ಏಪ್ರಿಲ್‌ನಲ್ಲಿ ಮೊದಲು ಮಾಡಿದ ಈ ಚಿಕಿತ್ಸೆ ವಯಸ್ಸಾದವರಿಗೆ ದೊಡ್ಡ ವರ. ಆದರೆ ಲಯದ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಹಳೇ ಕವಾಟವನ್ನು ತೆಗೆಯದೆ ಅದರೊಳಗೇ ಲೋಹದ ಬಲೆಯೊಂದು ಅರಳಿ ಸುತ್ತಲ ಗೋಡೆಯನ್ನು ಒತ್ತುತ್ತದೆ. ಅದರ ಕೆಳಗಂಚು ನೇರ ಹಿಸ್ ಕಟ್ಟಿನ ಮೇಲೆ. ಹೀಗಾಗಿ ಕವಾಟದ ಬಗೆಯನ್ನೂ ಕೂರಿಸಿದ ಆಳವನ್ನೂ ಅನುಸರಿಸಿ 100ರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಪೇಸ್‌ಮೇಕರ್ ಬೇಕಾಗುವುದುಂಟು. ತನ್ನಷ್ಟಕ್ಕೆ ಅರಳುವ ಬಗೆಯ ಕವಾಟಗಳಲ್ಲಿ ಇದು ಹೆಚ್ಚು. ಮೊದಲೇ ಇಸಿಜಿಯಲ್ಲಿ ಹಿಸ್ ಕಟ್ಟಿನ ಬಲಗಡೆಯ ಕವಲಿನ ಬ್ಲಾಕ್ ಇದ್ದವರಿಗೆ ಅಪಾಯ ಎಲ್ಲರಿಗಿಂತ ಮಿಗಿಲು. ಎರಡು ದಿನಕ್ಕೆ ಮನೆಗೆ ಹೋದವರಲ್ಲೂ ಆಮೇಲೆ ಬಡಿತ ಕುಸಿಯಬಹುದು. ಬೇಗ ಬಿಡುಗಡೆ ಆಯಿತೆಂದು ಸಂಭ್ರಮಿಸುವುದರ ಜೊತೆಗೆ, ತಲೆ ಸುತ್ತಿದರೆ ತಿರುಗಿ ಬರಬೇಕೆಂಬ ಮಾತನ್ನೂ ಮನೆಗೆ ಒಯ್ಯಬೇಕು.

ಇನ್ನು ಹೃತ್ಕುಕ್ಷಿಗಳಲ್ಲೇ ಹುಟ್ಟುವ ವೇಗದ ಲಯಗಳಿವೆ. ಅವು ಅಪರೂಪ, ಬಂದರೆ ತುರ್ತು. ಐಸಿಯು ಇರುವುದೇ ಅವಕ್ಕಾಗಿ.

ಎಲ್ಲಕ್ಕಿಂತ ಸಾಮಾನ್ಯವಾದ ಏಟ್ರಿಯಲ್ ಫಿಬ್ರಿಲೇಷನ್‌ಗೆ ಮತ್ತೆ ಬರೋಣ. ಅದು ಆಪರೇಷನ್ ಟೇಬಲ್ಲಿನ ಮೇಲೆ ಬರದೆ ಎರಡು ದಿನ ಕಾದು ಬರುವುದೇಕೆ? ಶಸ್ತ್ರಚಿಕಿತ್ಸೆಯಲ್ಲಿ ಪೊಟ್ಯಾಸಿಯಂ ತುಂಬಿದ ತಣ್ಣನೆಯ ದ್ರಾವಣದಿಂದ ಹೃದಯವನ್ನು ನಿಲ್ಲಿಸಿರುತ್ತಾರೆ, ಮೈಟ್ರಲ್ ಕವಾಟ ತಲುಪಲು ಹೃತ್ಕರ್ಣದ ಗೋಡೆಯನ್ನೇ ಸೀಳಿರುತ್ತಾರೆ, ರಕ್ತ ಯಂತ್ರದ ಮೂಲಕ ಸುತ್ತಿ ಬಂದಿರುತ್ತದೆ. ಇಷ್ಟಕ್ಕೂ ದೇಹದ ಉತ್ತರ ಉರಿಯೂತ, ಅದು ಎರಡು ಮೂರನೆಯ ದಿನಕ್ಕೆ ತುದಿಗೇರುತ್ತದೆ. ನೋವಿಗೆ, ಭಯಕ್ಕೆ, ನಿದ್ದೆಗೇಡಿಗೆ ಅಡ್ರಿನಲಿನ್ ಏರಿರುತ್ತದೆ. ಮೈಯಲ್ಲಿ ಸೇರಿದ್ದ ನೀರು ರಕ್ತಕ್ಕೆ ಮರಳಿ ಹೃತ್ಕರ್ಣಗಳನ್ನು ಹಿಗ್ಗಿಸುತ್ತದೆ. ಹೃದಯದ ಸುತ್ತಲಿನ ಪೊರೆಯೊಳಗೆ ಒಸರಿ ನಿಂತ ರಕ್ತ ಹೃತ್ಕರ್ಣದ ಹೊರಮೈಯನ್ನು ಕೆರಳಿಸುತ್ತದೆ.

ಈ ಕೊನೆಯ ಕಾರಣದ ಮೇಲೆ ನಡೆದ ಒಂದು ಪರೀಕ್ಷೆ ನನಗೆ ಬಹಳ ಹಿಡಿಸಿತು. ನ್ಯೂಯಾರ್ಕಿನ ವೈದ್ಯರು ಬೈಪಾಸ್, ಮಹಾಪಧಮನಿ ಅಥವಾ ಅದರ ಕವಾಟದ ಶಸ್ತ್ರಚಿಕಿತ್ಸೆಗೆ ಬಂದ 420 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಆ ಪೊರೆಯ ಹಿಂಬದಿಯಲ್ಲಿ ಒಂದು ಸೀಳು ಮಾಡಿದರು. ನಿಂತ ರಕ್ತ ಎಡ ಶ್ವಾಸಕೋಶದ ಪಕ್ಕದ ಜಾಗಕ್ಕೆ ಬಸಿದುಹೋಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸೀಳು ಇಲ್ಲದವರಲ್ಲಿ ಶೇ. 32ರಷ್ಟು ಜನರಿಗೆ ಬಂದ ಫಿಬ್ರಿಲೇಷನ್, ಸೀಳು ಇದ್ದವರಲ್ಲಿ ಶೇ. 17ಕ್ಕೆ ಇಳಿದಿತ್ತು. ಹೊಸ ಔಷಧಿಯಿಲ್ಲ, ದುಬಾರಿ ಯಂತ್ರವಿಲ್ಲ, ಕತ್ತರಿಯ ಒಂದು ಕೆಲಸ ಅಷ್ಟೆ. ಇದಕ್ಕೆ ಎದುರಾಗಿ, ಪೊಟ್ಯಾಸಿಯಂ ಅನ್ನು ಸದಾ ಮೇಲ್ಮಟ್ಟದಲ್ಲೇ ಇಡಬೇಕೆಂದು ದಶಕಗಳ ಕಾಲ ನಡೆದುಬಂದ ಐಸಿಯು ಪದ್ಧತಿಯನ್ನು ಬ್ರಿಟನ್ ಮತ್ತು ಜರ್ಮನಿಯಲ್ಲಿ 1,690 ಬೈಪಾಸ್ ರೋಗಿಗಳ ಮೇಲೆ ಪರೀಕ್ಷಿಸಿದಾಗ, ನಿಜವಾಗಿ ಕಡಿಮೆಯಾದಾಗ ಮಾತ್ರ ಕೊಟ್ಟರೂ ಫಲಿತಾಂಶ ಅಷ್ಟೇ ಎಂದು 2024ರಲ್ಲಿ ತಿಳಿಯಿತು.

ಬಂದ ಫಿಬ್ರಿಲೇಷನ್‌ಗೆ ಎರಡು ದಾರಿ. ಬಡಿತದ ವೇಗವನ್ನಷ್ಟೇ ತಗ್ಗಿಸಿ ಅದು ತಾನಾಗಿ ಸರಿಹೋಗಲು ಕಾಯುವುದು ಒಂದು. ಅಮಿಯೋಡರೋನ್‌ನಂಥ ಔಷಧಿ ಅಥವಾ ಶಾಕ್ ಕೊಟ್ಟು ಲಯವನ್ನೇ ತಿರುಗಿ ತರುವುದು ಇನ್ನೊಂದು. ರಕ್ತದೊತ್ತಡ ಕುಸಿಯುತ್ತಿದ್ದರೆ ಶಾಕ್‌ಗೆ ತಡಮಾಡುವಂತಿಲ್ಲ. ಉಳಿದವರಲ್ಲಿ ಯಾವುದು ಮೇಲು? ಉತ್ತರ ಅಮೆರಿಕದಲ್ಲಿ 523 ರೋಗಿಗಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎರಡೂ ಗುಂಪಿನವರು ಆಸ್ಪತ್ರೆಯಲ್ಲಿ ಕಳೆದ ದಿನಗಳು ಒಂದೇ ಆಗಿದ್ದವು. ಎರಡು ತಿಂಗಳು ಕಳೆಯುವಷ್ಟರಲ್ಲಿ ಎರಡೂ ಗುಂಪುಗಳಲ್ಲಿ 10ಕ್ಕೆ ಒಂಬತ್ತಕ್ಕಿಂತ ಹೆಚ್ಚು ಜನರ ಲಯ ಸ್ಥಿರವಾಗಿತ್ತು. ಹೊಸದಾಗಿ ಬಂದ ಫಿಬ್ರಿಲೇಷನ್ ಬಗ್ಗೆ ಮನೆಯವರಿಗೆ ಧೈರ್ಯ ಹೇಳಲು ಇದಕ್ಕಿಂತ ಒಳ್ಳೆಯ ಆಧಾರ ಬೇಡ.

ಆದರೆ ಈ ಧೈರ್ಯ ನಮ್ಮ ಎಲ್ಲ ರೋಗಿಗಳಿಗೂ ಸಲ್ಲುವುದಿಲ್ಲ. ಪಶ್ಚಿಮದ ದೇಶಗಳಲ್ಲಿ ಕವಾಟ ಬದಲಿಸಿಕೊಳ್ಳುವವರು ಬಹುಪಾಲು ವಯಸ್ಸಾದವರು, ಸುಣ್ಣಗಟ್ಟಿ ಕವಾಟ ಕೆಟ್ಟವರು. ನಮ್ಮಲ್ಲಿ ಇಂದಿಗೂ ಬಾಲ್ಯದ ಗಂಟಲು ನೋವಿನಿಂದ ಶುರುವಾದ ರುಮ್ಯಾಟಿಕ್ ಜ್ವರ ಮೈಟ್ರಲ್ ಕವಾಟವನ್ನು ಕಿರಿದಾಗಿಸಿ, ಇಪ್ಪತ್ತು ಮೂವತ್ತರ ಹರೆಯದವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಶಸ್ತ್ರಚಿಕಿತ್ಸೆಗೆ ತಂದು ನಿಲ್ಲಿಸುತ್ತದೆ. ಇವರ ಎಡ ಹೃತ್ಕರ್ಣ ವರ್ಷಗಟ್ಟಲೆ ಒತ್ತಡ ತಡೆದು ಹಿಗ್ಗಿ, ಗೋಡೆಯಲ್ಲಿ ಗಾಯದ ನಾರು ತುಂಬಿಕೊಂಡು, ಶಸ್ತ್ರಚಿಕಿತ್ಸೆಗೆ ಮೊದಲೇ ಫಿಬ್ರಿಲೇಷನ್‌ಗೆ ಹೋಗಿರುತ್ತದೆ. ಕವಾಟ ಹೊಸದಾದ ಮಾತ್ರಕ್ಕೆ ಹೃತ್ಕರ್ಣ ಹೊಸದಾಗುವುದಿಲ್ಲ. ಜೇಮ್ಸ್ ಕಾಕ್ಸ್ ಎಂಬ ಅಮೆರಿಕದ ಶಸ್ತ್ರಚಿಕಿತ್ಸಕರು 1987ರಲ್ಲಿ ಶುರುಮಾಡಿದ ಮೇಜ಼್ ವಿಧಾನದಲ್ಲಿ ಹೃತ್ಕರ್ಣದ ಗೋಡೆಯಲ್ಲಿ ಗೆರೆಗಳನ್ನು ಎಳೆದು ಅಡ್ಡಾದಿಡ್ಡಿ ಅಲೆಗಳಿಗೆ ತಡೆ ಹಾಕುತ್ತಾರೆ. ಕವಾಟ ಬದಲಿಸುವಾಗಲೇ ಇದನ್ನೂ ಮಾಡಬಹುದು. ಎಡ ಹೃತ್ಕರ್ಣದ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟುವ ಪುಟ್ಟ ಚೀಲವೊಂದಿದೆ. ಹೃದಯ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅದನ್ನು ಮುಚ್ಚಿದರೆ ಲಕ್ವ ಹೊಡೆಯುವ ಅಪಾಯ ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆ ಎಂದು 4,700ಕ್ಕೂ ಹೆಚ್ಚು ಫಿಬ್ರಿಲೇಷನ್ ರೋಗಿಗಳ ಅಧ್ಯಯನ 2021ರಲ್ಲಿ ತೋರಿಸಿತು. ಫಿಬ್ರಿಲೇಷನ್ ಇರುವವರು ಶಸ್ತ್ರಚಿಕಿತ್ಸೆಗೆ ಮೊದಲೇ ಈ ಎರಡರ ಬಗ್ಗೆ ಕೇಳಬೇಕು. ಎದೆ ಮುಚ್ಚಿದ ಮೇಲೆ ಕೇಳಿ ಫಲವಿಲ್ಲ.

ನಮ್ಮ ದೇಶದ ಯುವ ರೋಗಿಗಳಿಗೆ ಹೆಚ್ಚಾಗಿ ಹಾಕುವುದು ಲೋಹದ ಕವಾಟ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ನೇತೃತ್ವದಲ್ಲಿ ಹಲವು ಸೋಲುಗಳ ನಂತರ ರೂಪುಗೊಂಡ ಚಿತ್ರಾ ಕವಾಟ 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಯ ಎದೆ ಸೇರಿತು. ವಿದೇಶಿ ಕವಾಟಕ್ಕೆ ಹಣ ಹೊಂದಿಸಲಾಗದ ಸಾವಿರಾರು ಮನೆಗಳಿಗೆ ಅದು ಆಸರೆಯಾಯಿತು. ವಲಿಯತ್ತಾನ್ ಆಮೇಲೆ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದು ಅಲ್ಲೇ ನೆಲೆಸಿ, 2024ರಲ್ಲಿ ಅಲ್ಲೇ ತೀರಿಕೊಂಡರು. ಯಾವ ದೇಶದ್ದೇ ಆಗಲಿ, ಲೋಹದ ಕವಾಟ ಹಾಕಿದವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆಯನ್ನು ಜೀವನವಿಡೀ ತೆಗೆದುಕೊಳ್ಳಬೇಕು. ಫಿಬ್ರಿಲೇಷನ್ ಜೊತೆಗಿದ್ದರೆ ಒಂದು ಡೋಸೂ ತಪ್ಪಬಾರದು, ಯಾಕೆಂದರೆ ಹೆಪ್ಪು ಹುಟ್ಟಲು ಆಗ ಎರಡು ಜಾಗ: ಕವಾಟ ಮತ್ತು ಅದುರುವ ಹೃತ್ಕರ್ಣ.

ಇಲ್ಲಿ ಮೂರು ಅಪಾಯಗಳನ್ನು ಒತ್ತಿ ಹೇಳಬೇಕು. ಲಯ ಸರಿಪಡಿಸಲು ಕೊಡುವ ಅಮಿಯೋಡರೋನ್ ವಾರ್ಫರಿನ್‌ನ ಬಲವನ್ನು ಬಹಳ ಹೆಚ್ಚಿಸುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟಾಗ ವಾರ್ಫರಿನ್ ಡೋಸನ್ನು ಮೂರನೇ ಒಂದರಿಂದ ಅರ್ಧದಷ್ಟು ಇಳಿಸಬೇಕಾಗಬಹುದು. ಅಮಿಯೋಡರೋನ್ ನಿಲ್ಲಿಸಿದ ಮೇಲೂ ಅದರ ಪ್ರಭಾವ ವಾರ, ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮೊದಲ ತಿಂಗಳುಗಳಲ್ಲಿ ಪದೇಪದೇ ಆಗಲೇಬೇಕು. ಎರಡನೆಯದು, ರಕ್ತಪರೀಕ್ಷೆಯ ಕಾಟವಿಲ್ಲದ ಹೊಸ ಮಾತ್ರೆಗೆ ಬದಲಾಯಿಸಿಕೊಳ್ಳುವ ಆಸೆ. ಲೋಹದ ಕವಾಟದವರಲ್ಲಿ ಡಾಬಿಗಾಟ್ರಾನ್ ಎಂಬ ಅಂಥ ಮಾತ್ರೆಯನ್ನು ಪರೀಕ್ಷಿಸಿದ ಅಧ್ಯಯನವನ್ನು ಹೆಪ್ಪೂ ರಕ್ತಸ್ರಾವವೂ ಹೆಚ್ಚಿದ್ದರಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕವಾಟ ಬದಲಿಸದೆಯೂ ರುಮ್ಯಾಟಿಕ್ ಕಾಯಿಲೆ ಮತ್ತು ಫಿಬ್ರಿಲೇಷನ್ ಎರಡೂ ಇದ್ದ ನಾಲ್ಕೂವರೆ ಸಾವಿರ ಜನರನ್ನು 24 ದೇಶಗಳಲ್ಲಿ ಗಮನಿಸಿದ ಅಧ್ಯಯನದಲ್ಲೂ ಹೊಸ ಮಾತ್ರೆಗಿಂತ ಹಳೆಯ ಬಗೆಯ ಮಾತ್ರೆ ತೆಗೆದುಕೊಂಡವರಲ್ಲೇ ಸಾವು ಕಡಿಮೆ ಎಂದು 2022ರಲ್ಲಿ ಕಂಡಿತು. ಮೂರನೆಯದು ಸೊಪ್ಪಿನ ಭಯ. ಸೊಪ್ಪಿನಲ್ಲಿರುವ ಕೆ ಜೀವಸತ್ವ ವಾರ್ಫರಿನ್‌ಗೆ ಎದುರು ಕೆಲಸ ಮಾಡುತ್ತದೆ ನಿಜ. ಬಸ್ಸಾರು, ಮಸ್ಸೊಪ್ಪು ಪೂರ್ತಿ ಬಿಡಬೇಕಾಗಿಲ್ಲ. ಒಂದು ವಾರ ದಿನಾ ತಿಂದು ಇನ್ನೊಂದು ವಾರ ಮುಟ್ಟದೇ ಇರುವುದೇ ತೊಂದರೆ. ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಡೋಸನ್ನು ಅದಕ್ಕೆ ಹೊಂದಿಸಬಹುದು.

ಆಸ್ಪತ್ರೆಯಲ್ಲಿ ಮಾನಿಟರ್ ಹಗಲಿರುಳು ಲಯವನ್ನು ಕಾಯುತ್ತದೆ. ಮನೆಯಲ್ಲಿ ಆ ಕೆಲಸ ಬೆರಳುಗಳದ್ದು. ಮೊದಲ ಆರೆಂಟು ವಾರ ದಿನಕ್ಕೆ ಎರಡು ಸಲ, ಐದು ನಿಮಿಷ ಸುಮ್ಮನೆ ಕೂತ ಮೇಲೆ, ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಅಂಕುಡೊಂಕು ಲಯದಲ್ಲಿ ಲೆಕ್ಕ ತಪ್ಪುತ್ತದೆ. ಎಣಿಕೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಕೂತಿರುವಾಗಲೇ 110 ದಾಟುತ್ತಿದ್ದರೆ, 50ಕ್ಕಿಂತ ಕೆಳಗಿಳಿದರೆ, ನಿನ್ನೆಯವರೆಗೆ ಸಮವಾಗಿದ್ದದ್ದು ಇವತ್ತು ಏರುಪೇರಾಗಿದ್ದರೆ ಅದೇ ದಿನ ಹತ್ತಿರದ ಆಸ್ಪತ್ರೆಯಲ್ಲಿ ಒಂದು ಇಸಿಜಿ ತೆಗೆಸಿ. ತಾಲ್ಲೂಕು ಆಸ್ಪತ್ರೆಯ ಇಸಿಜಿ ಕೂಡ ಇದಕ್ಕೆ ಸಾಕು. ಕಣ್ಣು ಕತ್ತಲೆ ಬಂದು ಬಿದ್ದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ 108ಕ್ಕೆ ಕರೆಮಾಡಿ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಬಿಡದ ಜ್ವರ ಬಂದು ನಾಡಿಯೂ ನಿಧಾನವಾದರೆ, ಕವಾಟದ ಬುಡದಲ್ಲಿ ಸೋಂಕು ಸೇರಿ ಹಿಸ್ ಕಟ್ಟಿನವರೆಗೂ ಕೀವು ಹರಡಿರುವ ಸಾಧ್ಯತೆ ಇದೆ. ಇಂಥ ಜ್ವರಕ್ಕೆ ಅಂಗಡಿಯ ಮಾತ್ರೆ ನುಂಗಿ ಕಾಯಬೇಡಿ.

ಬಿಡುಗಡೆಯ ದಿನ ಒಂದು ಹಾಳೆ ಕೇಳಿ ಪಡೆಯಿರಿ. ಯಾವ ಕವಾಟ, ಯಾವ ಜಾಗದ್ದು, ಐಎನ್‌ಆರ್ ಎಷ್ಟರಿಂದ ಎಷ್ಟರೊಳಗಿರಬೇಕು, ಮನೆಗೆ ಹೊರಡುವಾಗ ಲಯ ಯಾವುದು, ಅಮಿಯೋಡರೋನ್ ಇದ್ದರೆ ಎಂದು ನಿಲ್ಲಿಸಬೇಕು ಎಂಬುದು ಅದರಲ್ಲಿರಲಿ. ಕೊನೆಯ ಇಸಿಜಿಯ ಪ್ರತಿಯೂ ಜೊತೆಗಿರಲಿ. ಹಲ್ಲು ಕೀಳಿಸಲು ಹೋದಾಗ, ಬೇರೆ ಕಾಯಿಲೆಗೆ ಬೇರೆ ವೈದ್ಯರ ಹತ್ತಿರ ಹೋದಾಗ, ಮಗು ಬೇಕೆಂದು ಯೋಚಿಸುವಾಗ ಆ ಹಾಳೆಯನ್ನು ಮೊದಲು ತೋರಿಸಿ. ಎಷ್ಟೇ ಆರಾಮಾಗಿದ್ದೀರಿ ಅನ್ನಿಸಿದರೂ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.